ದೋಣಿಯ ‘ಟೈಟಲ್’ಗೆ ಹಕ್ಕುಪತ್ರ ಅನ್ನಬಹುದೇ?

ಪದಬಲ್ಲವರಿಗೆಲ್ಲ ನಮಸ್ಕಾರ.

ಅಮೆರಿಕದಲ್ಲಿರುವ ಗೆಳೆಯರೊಬ್ಬರು ಈಚೆಗೆ ಹಳೆಯ ಮೋಟರು ದೋಣಿಯೊಂದನ್ನು ಕೊಂಡರು. ಕಾಗದಪತ್ರಕ್ಕೆ ಓಡಾಡಿದ ಅನುಭವದ ಬಿಸಿಯಲ್ಲೇ, ಮುಂದೆ ದೋಣಿ ಕೊಳ್ಳುವ ಕನ್ನಡಿಗರಿಗೆಂದು ಎರಡು ಪುಟದ ಟಿಪ್ಪಣಿ ಬರೆದು ‘ಕನ್ನಡ ಸರಿಯಿದೆಯಾ ನೋಡಿ’ ಎಂದು ನನಗೆ ಕಳಿಸಿದರು. ಮೊದಲ ಸಾಲಿನಲ್ಲೇ ಎಡವಿದೆ. ‘ಟೈಟಲ್’ ಇರಬೇಕಾದಲ್ಲೂ ನೋಂದಣಿ, ‘ರಿಜಿಸ್ಟ್ರೇಶನ್’ ಇರಬೇಕಾದಲ್ಲೂ ನೋಂದಣಿ!

ಅಲ್ಲಿ ಇವೆರಡೂ ಬೇರೆ ಬೇರೆ ಕಾಗದಗಳು. ದೋಣಿ ಯಾರದು ಎಂದು ಹೇಳುವುದು ಟೈಟಲ್. ಕೈ ಬದಲಾಗುವವರೆಗೆ ಅದನ್ನು ಮುಟ್ಟಬೇಕಿಲ್ಲ. ದೋಣಿಯನ್ನು ನೀರಿನಲ್ಲಿ ಓಡಿಸಬಹುದು ಎಂದು ಹೇಳುವುದು ರಿಜಿಸ್ಟ್ರೇಶನ್. ಹೆಚ್ಚೆಂದರೆ ಮೂರು ವರ್ಷಕ್ಕೊಮ್ಮೆ ನವೀಕರಿಸಲೇಬೇಕು. ಕೆಲವು ರಾಜ್ಯಗಳು ದೋಣಿಗೆ ಟೈಟಲ್ ಕೊಡುವುದೇ ಇಲ್ಲ. ಅಂಥ ಕಡೆ ಮಾರಿದವರು ಸಹಿ ಹಾಕಿಕೊಟ್ಟ ಕ್ರಯಪತ್ರವನ್ನೂ ಹಳೆಯ ರಿಜಿಸ್ಟ್ರೇಶನ್ ಕಾಗದವನ್ನೂ ಜೋಪಾನ ಮಾಡಬೇಕು.

ನಮ್ಮ ಕಿವಿಗೆ ತೊಡಕಾಗುವುದು ಎಲ್ಲಿ ಎಂದರೆ, ‘ಸೈಟು ರಿಜಿಸ್ಟರ್ ಆಯ್ತಾ?’ ಎಂದು ಕೇಳಿದಾಗ ನಾವು ಕೇಳುತ್ತಿರುವುದು ಅದು ನಿಮ್ಮದಾಯಿತಾ ಎಂದು. ಗಾಡಿಯ ವಿಷಯಕ್ಕೆ ಬಂದರೆ ಒಡೆತನಕ್ಕೂ ಓಡಾಟಕ್ಕೂ ಒಂದೇ ಆರ್‌ಸಿ. ಹೀಗಾಗಿ ‘ದೋಣಿಯ ನೋಂದಣಿ ಮುಗಿಯಿತು’ ಎಂದು ಓದಿದವರು ಒಡೆತನದ ಕೆಲಸವೂ ಮುಗಿಯಿತು ಎಂದುಕೊಂಡು ಕೂತುಬಿಡುತ್ತಾರೆ. ಗೆಳೆಯರಿಗೆ ಇದನ್ನು ಬಿಡಿಸಿ ಹೇಳಲು ನನಗೆ ಒದಗಿದ್ದು ಖಾತೆ. ಖಾತೆ ಯಾರ ಹೆಸರಿನಲ್ಲಿದೆಯೋ ಅವರು ಕಂದಾಯ ಕಟ್ಟುತ್ತಾರೆ, ಅಷ್ಟೆ. ಖಾತೆಯೇ ಒಡೆತನವಲ್ಲ ಎಂಬುದು ಆಸ್ತಿ ವ್ಯಾಜ್ಯದಲ್ಲಿ ಕೈ ಸುಟ್ಟುಕೊಂಡವರಿಗೆಲ್ಲ ಗೊತ್ತು. ಹೋಲಿಕೆ ಪೂರ್ತಿ ಸರಿಹೊಂದದಿದ್ದರೂ ‘ಓಹೋ!’ ಎಂದರು.

ಹಾಗಾದರೆ ಟೈಟಲ್‌ಗೆ ಏನನ್ನೋಣ? ‘ಹಕ್ಕುಪತ್ರ’ ಎಂದೊಡನೆ ಸರಕಾರ ಮಂಜೂರು ಮಾಡಿದ ಜಮೀನು, ವೇದಿಕೆಯ ಮೇಲೆ ಮಂತ್ರಿಗಳು ಕಾಗದ ಹಂಚುವ ಚಿತ್ರ ಕಣ್ಮುಂದೆ ಬರುತ್ತದೆ. ‘ಶೀರ್ಷಿಕೆ’ ಎಂದು ಯಂತ್ರಾನುವಾದ ಹೇಳಿದರೂ ಹೇಳೀತು, ಅದನ್ನು ಬಿಡಿ. ‘ಮಾಲೀಕತ್ವ ಪತ್ರ’ಕ್ಕಿಂತ ‘ಒಡೆತನ ಪತ್ರ’ ನನಗೆ ಹಿಡಿಸುತ್ತದೆ. ‘ಒಡೆತನ’ ಹಳೆಯ ಮಾತು, ಯಾರಿಗೂ ವಿವರಿಸಬೇಕಿಲ್ಲ.

ರಿಜಿಸ್ಟ್ರೇಶನ್‌ಗಾದರೋ ನಮ್ಮ ಬಾಯಿಮಾತೇ ಅವರ ಕಾನೂನಿಗೆ ಹತ್ತಿರ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಆ ಕಾಗದದ ಹೆಸರು ‘ಸರ್ಟಿಫಿಕೇಟ್ ಆಫ್ ನಂಬರ್’. ನಾವು ಹೊಸ ಗಾಡಿಗೆ ‘ನಂಬರ್ ಬಂತಾ?’ ಅನ್ನುತ್ತೇವಲ್ಲ, ಥೇಟ್ ಅದೇ. ದೋಣಿಯ ಮುಂಭಾಗದ ಎರಡೂ ಪಕ್ಕದಲ್ಲಿ ಆ ನಂಬರನ್ನು ಕನಿಷ್ಠ 3 ಇಂಚು ಎತ್ತರದ ಅಕ್ಷರಗಳಲ್ಲಿ, ಹಿನ್ನೆಲೆಗೆ ಎದ್ದುಕಾಣುವ ಬಣ್ಣದಲ್ಲಿ ಬರೆಸಬೇಕು. ‘ನಂಬರ್ ಪತ್ರ’ ಎಂದರೆ ಪಂಡಿತರು ಮೂಗು ಮುರಿಯಬಹುದು, ಆದರೆ ಓದುವವರು ತಪ್ಪು ತಿಳಿಯುವುದಿಲ್ಲ. (ಅಂದಹಾಗೆ ‘ನೋಂದಣಿ’ ಮರಾಠಿಯಿಂದ ಬಂದದ್ದು. ಗೆಳೆಯರು ಅದನ್ನು ಉದ್ದಕ್ಕೂ ‘ನೊಂದಣಿ’ ಎಂದು ಬರೆದಿದ್ದಾರೆ. ಕಚೇರಿಗೆ ಎಷ್ಟು ಸಲ ಅಲೆದರೋ, ತಿದ್ದಲು ಮನಸ್ಸು ಬರಲಿಲ್ಲ.)

ಮೂರನೆಯದು ‘ಡಾಕ್ಯುಮೆಂಟೇಶನ್’. ಗೆಳೆಯರು ಇದನ್ನು ‘ದಾಖಲೀಕರಣ’ ಮಾಡಿದ್ದಾರೆ. ಓದಿದರೆ ಯಾರೋ ದೋಣಿಯ ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಹೋದಂತಿದೆ. ನಿಜದಲ್ಲಿ ಇದು ಅಲ್ಲಿನ ಕರಾವಳಿ ಕಾವಲು ಪಡೆ (ಕೋಸ್ಟ್ ಗಾರ್ಡ್) ನಡೆಸುವ ರಾಷ್ಟ್ರಮಟ್ಟದ ನೋಂದಣಿ. 1789ರಷ್ಟು ಹಿಂದಕ್ಕೆ ಹೋಗುವ ಪದ್ಧತಿ. ಹೀಗೆ ನೋಂದಾಯಿಸಿದ ದೋಣಿಗೆ ರಾಜ್ಯದ ಟೈಟಲ್ ಕೊಡುವಂತಿಲ್ಲ. ‘ರಾಷ್ಟ್ರೀಯ ನೋಂದಣಿ’ ಎಂದರೆ ಸಾಕೇ?

ಇದಕ್ಕೆ ದೋಣಿ ಕನಿಷ್ಠ 5 ‘ನೆಟ್ ಟನ್’ ಇರಬೇಕು. ಗೆಳೆಯರು ‘5 ಟನ್ ತೂಕ’ ಎಂದು ಬರೆದುಬಿಟ್ಟಿದ್ದಾರೆ. ಇದು ತೂಕವೇ ಅಲ್ಲ. ಒಂದು ಟನ್ ಎಂದರೆ ಇಲ್ಲಿ 100 ಘನ ಅಡಿ ಜಾಗ. ಹಿಂದೆ ಹಡಗಿನಲ್ಲಿ ಎಷ್ಟು ದ್ರಾಕ್ಷಾರಸದ ಪೀಪಾಯಿ ಹಿಡಿಯುತ್ತದೆ ಎಂದು ಎಣಿಸುತ್ತಿದ್ದರು. ‘ಟನ್’ ಎಂಬ ಮಾತು ಆ ಪೀಪಾಯಿಯ ಹೆಸರಿನಿಂದಲೇ ಬಂದದ್ದು. ನಮ್ಮ ಖಂಡುಗವೂ ಹೀಗೇ ಅಲ್ಲವೇ? ಕಾಳು ಅಳೆಯುವ ಮಾತು ಅದೇ ಹೊಲವನ್ನೂ ಅಳೆಯಿತು. ಕನ್ನಡದಲ್ಲಿ ‘5 ಟನ್ ಹಿಡಿತ’ ಎಂದು ತಿದ್ದಿದ್ದೇನೆ. ‘ಗಾತ್ರ’ ಬೇಡ ಎನಿಸಿತು, ಏಕೆಂದರೆ ಲೆಕ್ಕ ಒಳಗಿನ ಜಾಗದ್ದು.

ದೋಣಿಯ ಮುಖ್ಯ ಮೈಯಾದ ‘ಹಲ್’ಗೆ (hull) ‘ಒಡಲು’ ಎಷ್ಟು ಚೆನ್ನಾಗಿದೆ! ಗಾಡಿಗೆ ಚಾಸಿ ನಂಬರ್ ಇದ್ದಂತೆ ದೋಣಿಗೆ 12 ಅಕ್ಷರ-ಅಂಕಿಗಳ ಒಡಲ ಸಂಖ್ಯೆ. ಮೊದಲ ಮೂರು ತಯಾರಕರ ಗುರುತು, ಕೊನೆಯ ಎರಡು ಮಾದರಿಯ ವರ್ಷ. ದುಡ್ಡು ಕೊಡುವ ಮುಂಚೆ ಒಡಲ ಮೇಲಿರುವುದೂ ಕಾಗದದಲ್ಲಿರುವುದೂ ಒಂದೇನಾ ಎಂದು ಒಂದೊಂದೇ ಅಕ್ಷರ ತಾಳೆ ನೋಡಬೇಕು.

ಸಾಲ ಕೊಟ್ಟವರಿಗೆ ದೋಣಿಯ ಮೇಲಿರುವ ಹಕ್ಕಾದ ‘ಲೀನ್’ಗೆ (lien) ‘ಋಣಭಾರ’ ಸಲೀಸಾಗಿ ಕೂರುತ್ತದೆ, ಚರ್ಚೆ ಬೇಡ. ಆದರೆ ರಾಷ್ಟ್ರೀಯ ನೋಂದಣಿಯ ದೋಣಿಯ ಮೇಲೆ ಹೆಸರಿನ ಜತೆ ಬರೆಸುವ ‘ಹೇಲಿಂಗ್ ಪೋರ್ಟ್’? ‘ತವರು ಬಂದರು’ ಎಂದು ಬರೆದು ನಾನೇ ಹಿಗ್ಗಿದೆ. ಆಮೇಲೆ ನೋಡಿದರೆ ಅದು ಬಂದರೇ ಆಗಬೇಕೆಂದಿಲ್ಲ, ಒಳನಾಡಿನ ಊರೂ ಆದೀತು. ಈಗ ಬರೀ ‘ದೋಣಿಯ ಊರು’ ಎಂದಿಟ್ಟಿದ್ದೇನೆ. ‘ಯಾವೂರ ದೋಣಿ?’ ಎಂದು ಕೂಗಿ ಕೇಳಿದರೆ ಕೊಡುವ ಉತ್ತರ ಅದೇ ತಾನೆ.

ಉಳಿದದ್ದು ಒಂದು. ಒಡಲ ಸಂಖ್ಯೆ ಇರುವುದು ‘ಟ್ರಾನ್ಸಮ್’ನ ಬಲ ಮೂಲೆಯ ಮೇಲ್ತುದಿಯಲ್ಲಿ, ಎಂಜಿನ್ ತಗುಲಿಸುವ, ದೋಣಿಯ ಹಿಂಬದಿಯನ್ನು ಮುಚ್ಚುವ ಚಪ್ಪಟೆ ಹಲಗೆ ಅದು. ಸದ್ಯಕ್ಕೆ ‘ಹಿಂಬದಿಯ ಅಡ್ಡಹಲಗೆ’ ಎಂದು ಬರೆದಿದ್ದೇನೆ. ದೋಣಿ ಕಟ್ಟುವವರನ್ನು ಹತ್ತಿರದಿಂದ ಬಲ್ಲ ಕರಾವಳಿಯ ಗೆಳೆಯರು ಯಾರಾದರೂ ಇದ್ದರೆ, ಅವರು ಇದನ್ನು ಏನೆಂದು ಕರೆಯುತ್ತಾರೆ, ಕೇಳಿ ಹೇಳುತ್ತೀರಾ?