ಪದಚರ್ಚೆ: ‘ಫ್ರೀ ಅಂಡ್ ಓಪನ್ ಟೆಕ್ಸ್ಟ್‌ಬುಕ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನುವುದು?

ಮಾನ್ಯರೇ,

ಶನಿವಾರ ಮುಖಪುಟ ಡಿಟಿಪಿಗೆ ಹೋಗಬೇಕಾಗಿದೆ; ಅಷ್ಟರೊಳಗೆ ನನಗೊಂದು ಪದ ಬೇಕು.

ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾವು ಕೆಲವರು ಸೇರಿ, ಅಮೆರಿಕದ ಇತಿಹಾಸವನ್ನು ಐಚ್ಛಿಕವಾಗಿ ಓದುವ ಬಿ.ಎ. ವಿದ್ಯಾರ್ಥಿಗಳಿಗಾಗಿ ಓಪನ್‌ಸ್ಟ್ಯಾಕ್ಸ್‌ನ ‘ಯು.ಎಸ್. ಹಿಸ್ಟರಿ’ಯ ಮೊದಲ ಕೆಲವು ಅಧ್ಯಾಯಗಳನ್ನು ಕನ್ನಡಕ್ಕೆ ತಂದಿದ್ದೇವೆ. ಹೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ ಈ ಯೋಜನೆಯವರು 2014ರ ಕೊನೆಗೆ ಹೊರತಂದ ಆ ಪುಸ್ತಕದಲ್ಲಿ 32 ಅಧ್ಯಾಯಗಳಿವೆ. ಅದು ಕ್ರಿಯೇಟಿವ್ ಕಾಮನ್ಸ್‌ನ ‘ಆಟ್ರಿಬ್ಯೂಷನ್’ ಪರವಾನಗಿಯಲ್ಲಿ ಇರುವುದರಿಂದ, ಮೂಲ ಯಾವುದೆಂದು, ಪರವಾನಗಿ ಯಾವುದೆಂದು, ನಾವು ಏನನ್ನು ಬದಲಿಸಿದ್ದೇವೆಂದು ನಮೂದಿಸಿದರೆ ಸಾಕು. ಅನುವಾದಿಸುವುದಕ್ಕೂ ತಿದ್ದುವುದಕ್ಕೂ ಅಚ್ಚು ಹಾಕಿಸುವುದಕ್ಕೂ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಆದರೆ ಪ್ರಕಾಶಕರ ಹೆಸರು, ಲಾಂಛನ, ಮುಖಪುಟದ ವಿನ್ಯಾಸ ಇವು ಆ ಪರವಾನಗಿಗೆ ಸೇರುವುದಿಲ್ಲವಾದ್ದರಿಂದ ಮುಖಪುಟವನ್ನು ನಾವೇ ಮಾಡಿಕೊಳ್ಳಬೇಕು. ಇದು ಯಾವ ಬಗೆಯ ಪುಸ್ತಕ ಎಂಬುದನ್ನು ಅದರ ಮೇಲೆ ಒಂದೇ ಮಾತಿನಲ್ಲಿ ಹೇಳಬೇಕು.

ಜೊತೆಗೆ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳಿಗೆಂದೇ ಒಂದು ಕಪಾಟು ಬಿಡಿಸಿಕೊಂಡಿದ್ದೇವೆ. ಅದರ ಫಲಕಕ್ಕೆ ಪೇಂಟರ್ ಬರೆದು ತೋರಿಸಿರುವ ಮಾದರಿ ಹೀಗಿದೆ: ‘ಇತಿಹಾಸ ಮುಕ್ತ ಮತ್ತು ಉಚಿತ ಪಠ್ಯಪುಸ್ತಕಗಳು’. ಮುಖಪುಟಕ್ಕೂ ಫಲಕಕ್ಕೂ ಒಂದೇ ಪದ ಒಪ್ಪುವಂತಿದ್ದರೆ ಒಳ್ಳೆಯದು. ದಯವಿಟ್ಟು ಬೇಗ ತಿಳಿಸಿ.

– ಇತಿಹಾಸ ಅಧ್ಯಾಪಕಿ, ಹಾಸನ

* * *

ಅಧ್ಯಾಪಕಿಯವರೇ,

ಎರಡು ಸಂಸ್ಕೃತ ಪದಗಳನ್ನು ಮುಂದಿಟ್ಟು ಯಾವುದು ಸರಿ ಎಂದು ಕೇಳಿದರೆ ಕನ್ನಡದ ಉತ್ತರ ಸಿಗುವುದಾದರೂ ಹೇಗೆ? ‘ಉಚಿತ’ ಎಂದರೆ ತಕ್ಕದ್ದು, ಒಪ್ಪುವಂಥದ್ದು. ‘ಔಚಿತ್ಯ’ ಎನ್ನುವಾಗ ಇಂದಿಗೂ ಆ ಅರ್ಥವೇ ಇದೆ. ದುಡ್ಡಿಲ್ಲದೆ ಸಿಗುವುದನ್ನು ತಕ್ಕದ್ದು ಎಂದು ಕರೆಯುವ ನುಡಿಗೆ ತನ್ನದೇ ಪದ ಇರಲಿಲ್ಲವೇ? ಇತ್ತು, ಇದೆ: ‘ಬಿಟ್ಟಿ’. ಅದರ ಬೇರು ‘ಬಿಡು’. ಬೆಲೆಯನ್ನು ಬಿಟ್ಟು ಕೊಟ್ಟದ್ದೂ ಬಿಟ್ಟಿ, ಹಕ್ಕನ್ನು ಬಿಟ್ಟು ಕೊಟ್ಟದ್ದೂ ಬಿಟ್ಟಿ. ಇಂಗ್ಲಿಷಿನವರು ಎರಡು ಪದಗಳಲ್ಲಿ ಹೇಳುವುದು ನಮ್ಮಲ್ಲಿ ಒಂದೇ ಬೇರಿನಲ್ಲಿ ಅಡಗಿದೆ. ಓದು ಬಲ್ಲವರು ಅದನ್ನು ಬೈಗುಳದಂತೆ ಬಳಸಿ ಕೆಡಿಸಿದ್ದಾರೆ ಅಷ್ಟೆ.

ಕಾಲೇಜಿನವರಿಗೆ ‘ಬಿಟ್ಟಿ’ ಎನ್ನಲು ಮುಜುಗರವಾಗುವುದಾದರೆ ‘ತೆರೆಹೊತ್ತಗೆ’ ಎನ್ನಿ. ತೆರೆ ನಮ್ಮದು, ಹೊತ್ತಗೆ ನಮ್ಮದು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ‘ಎಲ್ಲರ ಕನ್ನಡ’ದ ಮಾತೆತ್ತಿ ಇಷ್ಟು ವರ್ಷಗಳಾದ ಮೇಲೂ ಹೊಸದೊಂದು ವಸ್ತು ಬಂದ ಕೂಡಲೇ ಸಂಸ್ಕೃತದ ಬಾಗಿಲು ತಟ್ಟುವ ಚಾಳಿಯನ್ನು ನಮ್ಮ ಪದವಿ ಕಾಲೇಜುಗಳು ಬಿಟ್ಟಿಲ್ಲ.

– ನುಡಿಪರ, ಧಾರವಾಡ

* * *

‘ಬಿಟ್ಟಿ’ಗೂ ‘ಬಿಡು’ವಿಗೂ ಸಂಬಂಧವಿಲ್ಲ. ಅದು ‘ವಿಷ್ಟಿ’ಯ ತದ್ಭವ, ವಕಾರ ಬಕಾರವಾಗಿದೆ, ಷ್ಟ ಟ್ಟವಾಗಿದೆ. ವಿಷ್ಟಿ ಎಂದರೆ ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ರಾಜನ ಆದಾಯದ ಲೆಕ್ಕದಲ್ಲಿ ಬರುತ್ತದೆ, ನಮ್ಮ ಶಾಸನಗಳಲ್ಲಿ ರೈತನ ಮೇಲಿನ ಹೊರೆಗಳ ಪಟ್ಟಿಯಲ್ಲಿ ಬರುತ್ತದೆ. ಬೆಲೆ ಬಿಟ್ಟವನು ಇಲ್ಲಿ ಯಾರೂ ಇಲ್ಲ. ಬೆಲೆ ಸಿಗದವನು ಇದ್ದಾನೆ. ‘ಬಿಟ್ಟಿ ಚಾಕರಿ’ ಎಂಬ ಮಾತಿನಲ್ಲಿ ಆ ಅರ್ಥ ಈಗಲೂ ಜೀವಂತವಾಗಿದೆ, ಯಾರೂ ಅದನ್ನು ಕೆಡಿಸಿಲ್ಲ. (ಬಿಟ್ಟಿದೇವನ ‘ಬಿಟ್ಟಿ’ ಬೇರೆ, ಅದು ‘ವಿಷ್ಣು’ವಿನಿಂದ ಬಂದದ್ದು. ಅದನ್ನೂ ‘ಬಿಡು’ವಿಗೆ ಗಂಟು ಹಾಕುವ ಮೊದಲೇ ಹೇಳಿಬಿಡುತ್ತೇನೆ.)

‘ಹೊತ್ತಗೆ’ಯೂ ‘ಪುಸ್ತಕ’ದ ತದ್ಭವವೇ. ಇನ್ನು ‘ತೆರೆ’. ಬಾಗಿಲು ತೆರೆಯುವ ತೆರೆಗೆ ಹಳಗನ್ನಡದಲ್ಲಿ ಶಕಟರೇಫ (ಱ): ತೆಱೆ. ತೆರಿಗೆಯ ಅರ್ಥದ ತೆರೆಗೂ ಅದೇ ಅಕ್ಷರ: ತೆಱೆ. ಸಮುದ್ರದ ತೆರೆಯನ್ನಾದರೆ ಸಾಮಾನ್ಯ ರಕಾರ ನೋಡಿ ಬೇರೆ ಎನ್ನಬಹುದಿತ್ತು. ಇವೆರಡನ್ನು ಅಕ್ಷರದಿಂದ ಬೇರ್ಪಡಿಸಲು ಬರುವುದಿಲ್ಲ. ಶಾಸನಗಳಲ್ಲಿ ಕಿಱುದೆಱೆ, ಮನೆದೆಱೆ ಎಂದು ಓದಿ ಪರೀಕ್ಷೆ ಬರೆಯುವ ಇತಿಹಾಸದ ವಿದ್ಯಾರ್ಥಿಯ ಕೈಗೆ ‘ತೆರೆಹೊತ್ತಗೆ’ ಕೊಟ್ಟರೆ ಅವನು ಅದನ್ನು ಕಂದಾಯದ ಕಡತ ಎಂದುಕೊಂಡರೆ ತಪ್ಪು ಅವನದಲ್ಲ. ಧಾರವಾಡದವರು ಅಚ್ಚಗನ್ನಡವೆಂದು ಸೂಚಿಸಿದ ಎರಡು ಹೆಸರುಗಳಲ್ಲಿ ಒಂದು ಬಲವಂತದ ದುಡಿಮೆ, ಇನ್ನೊಂದು ತೆರಿಗೆ. ಹಣವನ್ನೇ ಕೇಳದ ಪುಸ್ತಕಕ್ಕೆ ಇವೇ ಸಿಕ್ಕಿದವೇ?

ಪದ ಬೇಕೆಂದು ಕೇಳಿದ್ದೀರಿ. ಶಾಸನದಿಂದಲೇ ಕೊಡುವುದಾದರೆ ‘ಸರ್ವಮಾನ್ಯ’ ಇದೆ. ಯಾವ ತೆರಿಗೆಯೂ ತಾಗದಂತೆ ಬಿಟ್ಟುಕೊಟ್ಟ ಭೂಮಿ ಸರ್ವಮಾನ್ಯ. ಕೊಟ್ಟದ್ದನ್ನು ಮತ್ತೆ ಕಿತ್ತುಕೊಳ್ಳಬಾರದೆಂದು ‘ಆಚಂದ್ರಾರ್ಕ’ (ಚಂದ್ರಸೂರ್ಯರಿರುವವರೆಗೆ) ಎಂದು ಬರೆಸಿ, ಕೊನೆಗೆ ಶಾಪಾಶಯವನ್ನೂ ಕೆತ್ತಿಸುತ್ತಿದ್ದರು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನೂ ಷರತ್ತು ಪಾಲಿಸುವವರಿಂದ ಹಿಂದಕ್ಕೆ ಪಡೆಯಲು ಬರುವುದಿಲ್ಲವೆಂದು ಕೇಳಿದ್ದೇನೆ, ಶಾಪವೊಂದು ಕಡಿಮೆ.

– ಶಾಸನಾಸಕ್ತ, ಶಿವಮೊಗ್ಗ

* * *

‘ಸರ್ವಮಾನ್ಯ’ಕ್ಕೆ ಈಗ ಎಲ್ಲರೂ ಒಪ್ಪಿದ್ದು ಎಂಬ ಅರ್ಥ ನಿಂತುಬಿಟ್ಟಿದೆ. ಎಲ್ಲರೂ ಒಪ್ಪಿದ ಇತಿಹಾಸದ ಪಠ್ಯಪುಸ್ತಕ ಎಂದು ಕರ್ನಾಟಕದಲ್ಲಿ ಫಲಕ ಹಾಕುವ ಧೈರ್ಯ ಆ ಕಾಲೇಜಿಗೆ ಇದ್ದರೆ ನನ್ನ ಅಡ್ಡಿಯಿಲ್ಲ. ರಾಜಿಯಾಗಿ ‘ಮುಕ್ತ ಹೊತ್ತಗೆ’ ಎಂದರೆ ಹೇಗೆ?

– ಓದುಗ, ಮಂಗಳೂರು

* * *

ಅದು ಅರಿಸಮಾಸ, ಸಂಸ್ಕೃತದ ಪದಕ್ಕೆ ಕನ್ನಡದ ಪದವನ್ನು ಬೆಸೆದದ್ದು. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ, ಗ್ರಂಥಾಲಯದ ಫಲಕಕ್ಕಲ್ಲ.

– ನಿವೃತ್ತ ಕನ್ನಡ ಪಂಡಿತ, ಮೈಸೂರು

* * *

ಮಾನ್ಯರೇ,

ಬೇರು ಹುಡುಕುವ ಭರದಲ್ಲಿ ಪೇಂಟರ್ ಬರೆದ ಮಾದರಿಯನ್ನು ಯಾರೂ ಓದಿದಂತೆ ಕಾಣುವುದಿಲ್ಲ. ಪ್ಲಾಸ್ಟಿಕ್ ಮುಕ್ತ, ಹಸಿವು ಮುಕ್ತ, ಭ್ರಷ್ಟಾಚಾರ ಮುಕ್ತ ಎಂಬ ಫಲಕಗಳನ್ನು ದಿನವೂ ನೋಡುವ ಊರಿನಲ್ಲಿ ‘ಇತಿಹಾಸ ಮುಕ್ತ ಪಠ್ಯಪುಸ್ತಕಗಳು’ ಎಂದು ಬರೆಸಿದರೆ, ಇತಿಹಾಸವನ್ನು ಪೂರ್ತಿ ತೆಗೆದುಹಾಕಿರುವ ಪುಸ್ತಕಗಳು ಇಲ್ಲಿ ಸಿಗುತ್ತವೆ ಎಂದೇ ಜನ ಓದುತ್ತಾರೆ. ‘ಮುಕ್ತ’ ಎಂಬುದು ನಾಮಪದವಾದ ಮೇಲೆ ಬಂದರೆ ಇಲ್ಲದ್ದನ್ನು ಹೇಳುತ್ತದೆ, ನಾಮಪದಕ್ಕೆ ಮೊದಲು ಬಂದರೆ ಸ್ವಭಾವವನ್ನು ಹೇಳುತ್ತದೆ. ಆದ್ದರಿಂದ ‘ಇತಿಹಾಸದ ಮುಕ್ತ ಪಠ್ಯಪುಸ್ತಕಗಳು’ ಎಂದು ಷಷ್ಠಿಯನ್ನು ಬಿಡದೆ ಬರೆಸಿ. ಒಂದು ‘ದ’ಕಾರದ ಬಣ್ಣಕ್ಕೆ ಪೇಂಟರ್ ಹೆಚ್ಚೇನೂ ಕೇಳಲಾರರು.

‘ಮುಕ್ತ’ವನ್ನು ನಾವು ಈಗ ಹೊಸದಾಗಿ ಕಟ್ಟಬೇಕಾಗಿಲ್ಲ. ಕನ್ನಡ ವಿಕಿಪೀಡಿಯ ತನ್ನನ್ನು ಮುಕ್ತ ವಿಶ್ವಕೋಶವೆಂದು ಕರೆದುಕೊಳ್ಳುತ್ತದೆ. ಶಾಲಾ ಶಿಕ್ಷಕರಿಗಾಗಿ ರೂಪಿಸಿದ ಜಾಲತಾಣದ ಹೆಸರೇ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’. ‘ತೆರೆದ ಪುಸ್ತಕ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ: ಅದು ವಿದ್ಯಾರ್ಥಿಗಳ ಬಾಯಲ್ಲಿ ಪುಸ್ತಕ ನೋಡಿಕೊಂಡು ಬರೆಯುವ ಪರೀಕ್ಷೆಯ ಹೆಸರಾಗಿದೆ.

ನನ್ನ ನಿಜವಾದ ತಕರಾರು ‘ಉಚಿತ’ದ ಬಗ್ಗೆ, ಅದೂ ಅದರ ಸಂಸ್ಕೃತ ಮೂಲದ ಬಗ್ಗೆಯಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಡುವುದು ಉಚಿತ ಪಠ್ಯಪುಸ್ತಕ. ಅದಕ್ಕೆ ಬೆಲೆ ಇಲ್ಲ, ಆದರೆ ಅದರ ಒಂದು ಪಾಠವನ್ನು ತಿದ್ದಿ ನಿಮ್ಮ ಹೆಸರಿನಲ್ಲಿ ಅಚ್ಚು ಹಾಕಿಸುವ ಹಕ್ಕು ನಿಮಗೆ ಬರುವುದಿಲ್ಲ. ಇದಕ್ಕೆ ತದ್ವಿರುದ್ಧ ಉದಾಹರಣೆ ಅಮೆರಿಕದಲ್ಲೇ ಇದೆ. ನೂರಾರು ಇತಿಹಾಸಕಾರರು ಸೇರಿ ಬರೆದ ‘ದಿ ಅಮೆರಿಕನ್ ಯಾಪ್’ ಎಂಬ 30 ಅಧ್ಯಾಯಗಳ ಕಾಲೇಜು ಪಠ್ಯವನ್ನು ಜಾಲದಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಅದೇ ಪಠ್ಯದ ಮುದ್ರಿತ ಪ್ರತಿಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕಟಣಾಲಯ 2019ರಿಂದ ಬೆಲೆಗೆ ಮಾರುತ್ತಿದೆ. ಬೆಲೆ ಇಟ್ಟ ಮಾತ್ರಕ್ಕೆ ಅದು ಮುಕ್ತವಾಗಿರುವುದು ತಪ್ಪುವುದಿಲ್ಲ. ನಾಳೆ ನಿಮ್ಮ ಕನ್ನಡ ಅಧ್ಯಾಯಗಳನ್ನೇ ಯಾರೋ ಮುದ್ರಕರು ಕಾಗದದ ಖರ್ಚು ಸೇರಿಸಿ ಮಾರಿದರೆ ನಿಮ್ಮ ಪರವಾನಗಿ ಅದಕ್ಕೆ ಒಪ್ಪಿಗೆ ಕೊಟ್ಟೇ ಇರುತ್ತದೆ. ಆಗ ಮುಖಪುಟದ ಮೇಲೆ ‘ಉಚಿತ’, ಬೆನ್ನಪುಟದ ಮೇಲೆ ಬೆಲೆ ಎರಡೂ ಕೂರುತ್ತವೆ. ‘ಉಚಿತ’ ಎನ್ನುವುದು ಆ ಪ್ರತಿಯ ಗುಣ, ‘ಮುಕ್ತ’ ಎನ್ನುವುದು ಪಠ್ಯದ ಗುಣ. ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು, ಬಳಸುವುದು, ತಿದ್ದುವುದು, ಬೇರೆಯದರೊಡನೆ ಬೆರೆಸುವುದು, ಹಂಚುವುದು ಎಂದು ಮುಕ್ತ ಶಿಕ್ಷಣ ಚಳವಳಿಯ ಡೇವಿಡ್ ವೈಲಿ ಎಣಿಸುವ ಐದು ಹಕ್ಕುಗಳಲ್ಲಿ ಬೆಲೆಯ ಮಾತೇ ಇಲ್ಲ. ಯುನೆಸ್ಕೊ 2019ರ ಶಿಫಾರಸಿನಲ್ಲಿ ವೆಚ್ಚವಿಲ್ಲದೆ ದೊರೆಯಬೇಕೆಂದು ಹೇಳುತ್ತದೆ, ನಿಜ; ಜಾಲದ ಪ್ರತಿಯೊಂದು ಇದ್ದರೆ ಆ ಷರತ್ತು ತೀರಿತು.

ಒಂದು ಎಚ್ಚರಿಕೆ. ಮೇಲೆ ಹೇಳಿದ ಎರಡನೆಯ ಪುಸ್ತಕದ ಪರವಾನಗಿಯಲ್ಲಿ ‘ಶೇರ್‌ಅಲೈಕ್’ ಷರತ್ತೂ ಇದೆ. ಅದರಿಂದ ಒಂದೆರಡು ಪುಟಗಳನ್ನು ತಂದು ನಿಮ್ಮ ಅಧ್ಯಾಯದಲ್ಲಿ ಹೆಣೆದಿದ್ದರೆ ಆ ಅಧ್ಯಾಯವನ್ನೂ ಅದೇ ಷರತ್ತಿಗೆ ಒಳಪಡಿಸಬೇಕಾಗುತ್ತದೆ. ಎರಡೂ ‘ಓಪನ್’ ತಾನೇ ಎಂದು ಸುಮ್ಮನಿರಬೇಡಿ. ಹಾಗೆಯೇ ಆ ಕಪಾಟಿನಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹ ಮಾಲೆಯ, ಬಿ. ಎಲ್. ರೈಸ್ ಕಾಲದ ಸಂಪುಟಗಳ ಪ್ರತಿಗಳನ್ನು ಇಡುವ ಯೋಚನೆಯಿದ್ದರೆ ಅವಕ್ಕೆ ಬೇರೆ ಚೀಟಿ ಅಂಟಿಸಿ. ಅವುಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ, ಯಾರೂ ಪರವಾನಗಿ ಕೊಟ್ಟು ಬಿಟ್ಟದ್ದಲ್ಲ.

– ಗ್ರಂಥಪಾಲಕ, ತುಮಕೂರು

* * *

ಗ್ರಂಥಪಾಲಕರು ಹೇಳಿದ್ದರಲ್ಲಿ ವಿಷಯವಿದೆ, ಆದರೆ ‘ಮೊದಲೇ ಬಳಕೆಯಲ್ಲಿದೆ’ ಎಂಬುದು ವಾದವಾಗುವುದಿಲ್ಲ. ‘ಮುಕ್ತ’ವನ್ನು ಬಳಕೆಗೆ ತಂದವರು ಜನರಲ್ಲ, ಅನುವಾದಕರು. ಇನ್ನು ಶಿವಮೊಗ್ಗದವರಿಗೆ: ವಿಷ್ಟಿ ಬಿಟ್ಟಿಯಾದದ್ದೇ ನಿಜವೆನ್ನಿ, ಪುಸ್ತಕ ಹೊತ್ತಗೆಯಾದದ್ದೂ ನಿಜವೆನ್ನಿ; ಕನ್ನಡದ ಬಾಯಿ ಅವನ್ನು ತನಗೆ ಬೇಕಾದಂತೆ ಅರೆದು ತನ್ನದಾಗಿಸಿಕೊಂಡಿತು. ‘ಮುಕ್ತ’ ಹಾಗೆ ಅರೆಯದೆ ನುಂಗಿದ್ದು. ತದ್ಭವಕ್ಕೂ ತತ್ಸಮಕ್ಕೂ ಇರುವ ಈ ಅಂತರವೇ ನನ್ನ ಮಾತು, ವ್ಯುತ್ಪತ್ತಿಯಲ್ಲ.

– ನುಡಿಪರ, ಧಾರವಾಡ

* * *

ನಿನ್ನೆ ವ್ಯುತ್ಪತ್ತಿಯೇ ನಿಮ್ಮ ಮಾತಾಗಿತ್ತು. ಅರೆದದ್ದೇ ಬೇಕೆಂದರೆ ‘ಮುಕ್ತಿ’ಗೆ ‘ಮುಕುತಿ’ ಎಂದು ದಾಸರು ಹಾಡಿದಂತೆ ‘ಮುಕುತ ಹೊತ್ತಗೆ’ ಎನ್ನಿ; ಪಂಡಿತರಿಗೂ ಅರಿಸಮಾಸದ ಚಿಂತೆ ತಪ್ಪಿದಂತಾಗುತ್ತದೆ. ‘ಪರವಾನಗಿ’ ಪಾರಸಿಯಿಂದ ಬಂದದ್ದು, ಅದನ್ನು ಈ ಚರ್ಚೆಯಲ್ಲಿ ಎಲ್ಲರೂ ಬಳಸುತ್ತಿದ್ದಾರೆ, ಯಾರಿಗೂ ಹೊಟ್ಟೆನೋವು ಬಂದಿಲ್ಲ. ಎರವಲಿನ ಮೇಲಿನ ಸಿಟ್ಟು ಸಂಸ್ಕೃತದ ಮನೆಯ ಮುಂದೆ ಮಾತ್ರ ಏರುವುದೇಕೆ ಎಂಬುದನ್ನು ಧಾರವಾಡದವರು ಬೇರೆ ಪತ್ರದಲ್ಲಿ ವಿವರಿಸಲಿ.

– ಶಾಸನಾಸಕ್ತ, ಶಿವಮೊಗ್ಗ

* * *

ಎರವಲು ತಪ್ಪಲ್ಲವೆಂದಾದರೆ ‘ಓಪನ್ ಟೆಕ್ಸ್ಟ್‌ಬುಕ್’ ಎಂದೇ ಬರೆಯಲು ಏನು ಅಡ್ಡಿ? ತರಗತಿಯಲ್ಲಿ ಹೇಗೂ ಅಧ್ಯಾಪಕರೂ ವಿದ್ಯಾರ್ಥಿಗಳೂ ‘ಟೆಕ್ಸ್ಟ್‌ಬುಕ್’ ಎಂದೇ ಹೇಳುವುದು.

– ಓದುಗ, ಮಂಗಳೂರು

* * *

ಅಡ್ಡಿ ಇದೆ. ನಮ್ಮ ಕಡೆ ‘ಓಪನ್‌ನಲ್ಲಿ ಡಿಗ್ರಿ ಮಾಡಿದ’ ಎಂದರೆ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಓದಿದ ಎಂದರ್ಥ. ‘ಓಪನ್ ಟೆಕ್ಸ್ಟ್‌ಬುಕ್’ ಕಂಡ ಹುಡುಗರು ಅದನ್ನು ಅಲ್ಲಿನ ಪಠ್ಯವೆಂದು ತಿಳಿದು ಪಕ್ಕಕ್ಕಿಡುತ್ತಾರೆ. ‘ಮುಕ್ತ ಪಠ್ಯಪುಸ್ತಕ’ಕ್ಕೂ ಇದೇ ಅಪಾಯವಿದೆ, ಆದ್ದರಿಂದ ಹೆಸರಿನ ಕೆಳಗೆ ಒಂದು ಸಾಲಿನ ವಿವರಣೆ ಬೇಕೇ ಬೇಕು.

– ಗ್ರಂಥಪಾಲಕ, ತುಮಕೂರು

* * *

ಮಾನ್ಯರೇ,

ಎಲ್ಲರಿಗೂ ವಂದನೆಗಳು. ಡಿಟಿಪಿಗೆ ಕಳುಹಿಸುವ ಪಾಠವನ್ನು ಹೀಗೆ ಗೊತ್ತುಮಾಡಿದ್ದೇವೆ. ಮುಖಪುಟದಲ್ಲಿ ಶೀರ್ಷಿಕೆಯ ಕೆಳಗೆ ‘ಮುಕ್ತ ಪಠ್ಯಪುಸ್ತಕ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೂಲವನ್ನು ಹೆಸರಿಸಿ ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು’. ‘ಉಚಿತ’ ಎಂಬುದನ್ನು ಮುಖಪುಟದಿಂದ ತೆಗೆದು, ಪುಸ್ತಕವನ್ನು ಇಳಿಸಿಕೊಳ್ಳುವ ಜಾಲಪುಟದಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆ. ಫಲಕಕ್ಕೆ ‘ಇತಿಹಾಸದ ಮುಕ್ತ ಪಠ್ಯಪುಸ್ತಕಗಳು’ ಎಂದು ಬರೆಯಲು ಪೇಂಟರ್‌ಗೆ ತಿಳಿಸಿದ್ದೇನೆ.

ಶೇರ್‌ಅಲೈಕ್ ಷರತ್ತಿನ ಪುಸ್ತಕದಿಂದ ನಾವು ಯಾವ ಭಾಗವನ್ನೂ ತೆಗೆದುಕೊಂಡಿಲ್ಲ. ಆದರೆ ಒಳಪುಟದಲ್ಲಿ ಮೂಲದ ಅಧ್ಯಾಯಗಳ ಕೊನೆಯ ಅಭ್ಯಾಸ ಪ್ರಶ್ನೆಗಳನ್ನು ಕೈಬಿಟ್ಟು, ನಮ್ಮ ಪಠ್ಯಕ್ರಮಕ್ಕೆ ಹೊಂದುವ ಪ್ರಶ್ನೆಗಳನ್ನು ಸೇರಿಸಿದ್ದೇವೆ. ಇಂಥ ಬದಲಾವಣೆಯನ್ನು ನಮೂದಿಸುವ ಸಾಲಿನಲ್ಲಿ ‘ಅನುವಾದ’ ಎನ್ನಬೇಕೇ, ‘ರೂಪಾಂತರ’ ಎನ್ನಬೇಕೇ? ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

– ಇತಿಹಾಸ ಅಧ್ಯಾಪಕಿ, ಹಾಸನ

* * *

‘ಅನುವಾದ ಮತ್ತು ಪರಿಷ್ಕರಣೆ’ ಎಂದು ಬರೆಯಿರಿ. ‘ರೂಪಾಂತರ’ ನಾಟಕದವರಿಗಿರಲಿ.

– ನಿವೃತ್ತ ಕನ್ನಡ ಪಂಡಿತ, ಮೈಸೂರು