ಸಹಾಯ ಬೇಕು: ಡ್ರಮ್ ಮುಚ್ಚಳಕ್ಕೆ ಮರದ ಬದಲು ಒತ್ತಿದ ರಟ್ಟು

ನಮಸ್ಕಾರ. ರಾಯಚೂರಿನಲ್ಲಿ ಸರಕು ತುಂಬುವ ಕಾಗದದ ಡ್ರಮ್ ತಯಾರಿಸುವ ಸಣ್ಣ ಘಟಕ ನನ್ನದು. ಮೈಯೆಲ್ಲ ಸುತ್ತಿದ ಕ್ರಾಫ್ಟ್ ಕಾಗದ, ಅಂದರೆ ಗಟ್ಟಿಯಾದ ಕಂದು ಕಾಗದ. ತಳ ಮತ್ತು ಮುಚ್ಚಳ ಮಾತ್ರ 12 ಮಿ.ಮೀ. ದಪ್ಪದ ಮಾವಿನ ಹಲಗೆ. ಈಗ ಗಿರಾಕಿಯೊಬ್ಬರು ಸರಕನ್ನು ಹೊರದೇಶಕ್ಕೆ ಕಳುಹಿಸುತ್ತಾರಂತೆ. ಮರದ ಹಲಗೆಯಾದರೆ ಒಳಗಿನ ಹುಳ ಸಾಯಲೆಂದು ತಿರುಳಿನವರೆಗೂ 56 ಡಿಗ್ರಿ ಕಾವನ್ನು 30 ನಿಮಿಷ ಕೊಡಿಸಿ ಮುದ್ರೆ ಹಾಕಿಸಬೇಕು. ರಟ್ಟಿಗೆ ಆ ರಗಳೆ ಇಲ್ಲ. ಹಾಗಾಗಿ ರಟ್ಟಿನ ಹಾಳೆಗಳನ್ನು ಅಂಟಿಸಿ, ಒತ್ತಿ, ದುಂಡಗೆ ಕತ್ತರಿಸಿ ನೋಡಿದೆ.

ಮೊದಲ ದಿನ ಚೆನ್ನಾಗಿಯೇ ಇತ್ತು. ಮೂರನೆಯ ದಿನ ಹೆಂಚಿನ ಮೇಲೆ ಮರೆತ ಜೋಳದ ರೊಟ್ಟಿಯಂತೆ ಅಂಚು ಮೇಲೆದ್ದಿತ್ತು! ನೆಲಕ್ಕಿಟ್ಟರೆ ಕೆಳಗೆ ಹೆಬ್ಬೆರಳು ತೂರುತ್ತದೆ. ಬಳಸಿದ ಅಂಟು ಸೋಡಿಯಂ ಸಿಲಿಕೇಟ್. ಅಗ್ಗ, ಆದರೆ ನೀರಿನಂಶ ಹೆಚ್ಚು. ಹಾಳೆಗಳ ನಾರಿನ ದಿಕ್ಕನ್ನು ಒಂದಕ್ಕೊಂದು ಅಡ್ಡವಾಗಿಟ್ಟಾಗ ಡೊಂಕು ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಬಿಸಿಲಿಗಿಟ್ಟು ಒಣಗಿಸಿದ್ದು ನನ್ನದೇ ಅವಸರ, ಒಪ್ಪುತ್ತೇನೆ. ನಮ್ಮೂರ ಏಪ್ರಿಲ್ ಬಿಸಿಲು ನಿಮಗೂ ಗೊತ್ತಲ್ಲ.

ಅಂಟು ಒಣಗಲು ಎಷ್ಟು ಹೊತ್ತು ಭಾರದಡಿ ಇಡಬೇಕು? ಬಿಸಿ ಪ್ರೆಸ್ ಇಲ್ಲದೆ ಆಗುತ್ತದೆಯೇ? ಮುಚ್ಚಳದ ಸುತ್ತ ಕಬ್ಬಿಣದ ಬಳೆ ಬಿಗಿದಾಗ ಅಂಚು ಪುಡಿಯಾಗದಂತೆ ಏನು ಬಳಿಯುತ್ತೀರಿ? ಮೇಣ ಹಚ್ಚಿ ನೋಡಿದೆ, ಅದರ ಮೇಲೆ ಲೇಬಲ್ ನಿಲ್ಲುತ್ತಿಲ್ಲ.

ಗಂಗಾವತಿ, ಕೊಪ್ಪಳದ ಕಡೆ ಹೈಡ್ರಾಲಿಕ್ ಪ್ರೆಸ್ ಇರುವವರು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೊಟ್ಟರೂ ಸಾಕು. ರಟ್ಟು ಹೊತ್ತುಕೊಂಡು ನಾನೇ ಬರುತ್ತೇನೆ.