ಮೈಸೂರ್ ಪಾಕ್: ಯಾವ ರೆಸಿಪಿ ನಂಬಬಹುದು?

ಪ್ರಶ್ನೆ: ಹತ್ತಾರು ರೆಸಿಪಿ ಸಿಗುತ್ತವೆ. ಮಾಡೋಕೆ ಮುಂಚೆ, ಓದಿಯೇ ಒಳ್ಳೆಯದನ್ನು ಗುರುತಿಸೋದು ಹೇಗೆ?

ಉತ್ತರ 1: ಪಾಕದ ಹದ ಬರೆದಿದ್ದಾರಾ ನೋಡಿ. ಬರೀ "ಸಕ್ಕರೆ ಕರಗಿಸಿ" ಅಂತಿದ್ದರೆ ಬಿಟ್ಟುಬಿಡಿ. ಅಳತೆ ಹೀಗಿರಲಿ: 1 ಕಪ್ ಕಡಲೆಹಿಟ್ಟಿಗೆ 2 ಕಪ್ ಸಕ್ಕರೆ, 2 ಕಪ್ ತುಪ್ಪ, ಮುಕ್ಕಾಲು ಕಪ್ ನೀರು. ಪಾಕವನ್ನು ಎರಡು ಬೆರಳ ನಡುವೆ ಎಳೆದಾಗ ಒಂದೆಳೆ ಬಂದ ತಕ್ಷಣ ಜರಡಿ ಹಿಡಿದ ಹಿಟ್ಟು ಹಾಕಬೇಕು. ಮುಂಚೆ ಹಾಕಿದರೆ ಗಟ್ಟಿಯಾಗಲ್ಲ, ಎರಡೆಳೆ ದಾಟಿದರೆ ಕಲ್ಲು.

ಉತ್ತರ 2: ತುಪ್ಪದ ಬಿಸಿಯನ್ನೂ ಹೇಳಿರಬೇಕು, ಬಹಳ ಜನ ಇದನ್ನೇ ಬಿಡ್ತಾರೆ. ಪಕ್ಕದ ಒಲೆಯಲ್ಲಿ ತುಪ್ಪ ಕಾಯುತ್ತಲೇ ಇರಲಿ. ಒಂದೊಂದೇ ಸೌಟು ಹಾಕಿದಾಗ ಚುರ್ ಅಂತ ನೊರೆ ಏಳಬೇಕು. ಒಳಗಿನ ಗೂಡು, ಅಂದರೆ ಸಣ್ಣ ಸಣ್ಣ ತೂತು, ಬರೋದು ಆ ನೊರೆಯಿಂದಲೇ.

ಪ್ರಶ್ನೆ ಕೇಳಿದವರು: ಇಳಿಸೋದು ಯಾವಾಗ?

ಉತ್ತರ 2: ತಳ ಬಿಟ್ಟು, ಅಂಚಲ್ಲಿ ತುಪ್ಪ ಒಸರೋಕೆ ಶುರುವಾದಾಗ. ಬೆಚ್ಚಗಿರುವಾಗಲೇ ಕತ್ತರಿಸಿ, ಪೂರ್ತಿ ಆರಿದರೆ ಪುಡಿಯಾಗುತ್ತೆ.